ಕಾಯಿಲೆಯ ಮನೆಯಲ್ಲಿ ನಗು ಮತ್ತು ನಂಬಿಕೆ

(ಕಪನೂರಿನಲ್ಲಿ ಜರುಗಿದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವಿನ ಬಗ್ಗೆ ಹೇಳಲು ನನ್ನನ್ನು ಕರೆದಿದ್ದೀರಿ. ಅದನ್ನು ಮುಂದಿನ ಸಭೆಗೆ ಇಡೋಣ. ಹೋದ ತಿಂಗಳು ನಿಮ್ಮಲ್ಲೇ ಮೂವರು ದನ ತೋರಿಸುವ ನೆಪದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮನೆಯಾಗೂ ಕಿಡ್ನಿ ಕೆಟ್ಟದ ಸಾಹೇಬ್ರ, ನೀವು ಹ್ಯಾಂಗ ಸಂಭಾಳಸ್ತೀರಿ?" ಎಂದು ಕೇಳಿದಿರಿ. ನನ್ನ ಮನೆಯವರು ಮೂರು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವುದು ನಿಮಗೆ ಗೊತ್ತು. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಹೇಳುವವನಲ್ಲ. ಗಂಡನಾಗಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೂತ್ರಪಿಂಡ ಮಾಡಬೇಕಾದ ಕೆಲಸವನ್ನು ಯಂತ್ರ ಮಾಡುವುದೇ ಡಯಾಲಿಸಿಸ್. ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ಸುಮಾರು 4 ತಾಸು. ನಡುವಿನ ದಿನಗಳಲ್ಲಿ ಕುಡಿದ ನೀರು ಬಹುಪಾಲು ಮೈಯಲ್ಲೇ ನಿಲ್ಲುತ್ತದೆ. ಆದ್ದರಿಂದ ನೀರಿಗೆ ಅಳತೆ. ರಂಜಕ, ಪೊಟ್ಯಾಸಿಯಂ ಇರುವುದರಿಂದ ಹಾಲಿಗೂ ಅಳತೆ. ಬಾಳೆಹಣ್ಣು, ಎಳನೀರಂತೂ ನಮ್ಮ ಮನೆಯಲ್ಲಿ ಬಂದ್. ನಾನು ಹಾಲಿನ ಒಕ್ಕೂಟದವನು, ಅವಳ ತವರು ಕೆಂಪು ಬಾಳೆಯ ಕಮಲಾಪುರ! "ಗಂಡನ ಮನಿದೂ ಇಲ್ಲ, ತವರು ಮನಿದೂ ಇಲ್ಲ" ಎಂದು ಅವಳೇ ನಗುತ್ತಾಳೆ.

ಯಂತ್ರಕ್ಕೆ ಹಚ್ಚುವ ಮೊದಲು ತೂಕ ಮಾಡುತ್ತಾರೆ. ಹೆಚ್ಚಾದ ತೂಕ ಎಂದರೆ ನಿಂತ ನೀರು. ಮೊದಲ ತಿಂಗಳು ತಕ್ಕಡಿಯ ಮೇಲೆ ನಿಂತು ಅಳುತ್ತಿದ್ದಳು. ಒಂದು ದಿನ ನನ್ನ ಕಡೆ ತಿರುಗಿ, "ನಿಮ್ಮ ಸಂಘದಾಗ ಹಾಲು ತೂಗಿದಂಗ ತೂಗ್ತಾರ ನೋಡ್ರಿ. ನೀರು ಕಲಬೆರಕಿ ಆಗ್ಯದ, ಲ್ಯಾಕ್ಟೋಮೀಟರ್ ತರ್ರಿ" ಅಂದಳು. ನರ್ಸಮ್ಮನೂ ನಕ್ಕರು. ಅಂದಿನಿಂದ ನೀರಿನ ಲೆಕ್ಕವನ್ನು ಅವಳೇ ಬರೆದಿಡುತ್ತಾಳೆ.

ನಮ್ಮ ಬೇಸಿಗೆ ನಿಮಗೆ ಹೇಳಬೇಕಿಲ್ಲ, 40 ಡಿಗ್ರಿ ದಾಟುತ್ತದೆ. ಅವಳೆದುರು ಗಟಗಟ ಕುಡಿಯಲು ಮನಸ್ಸಾಗದೆ ನಾನು ಹಿತ್ತಲಿಗೆ ಹೋಗಿ ಕುಡಿದು ಬರುತ್ತೇನೆ. "ಮೀಸಿ ತೊಯ್ದದ, ಒರಸ್ಕೋರಿ" ಎನ್ನುತ್ತಾಳೆ. ಗಮನಿಸಿ, ಚೇಷ್ಟೆ ಅವಳಿಂದ ಹುಟ್ಟಬೇಕು. ನೋಯುವವರ ಮೇಲೆ ನಾವು ಮಾಡುವ ಚೇಷ್ಟೆ ಚುಚ್ಚುತ್ತದೆ. ಡಯಾಲಿಸಿಸ್ ಮುಗಿದ ಸಂಜೆ ಬಿ.ಪಿ. ಇಳಿದು ಗೋಡೆಗೆ ಮುಖ ಮಾಡಿ ಮಲಗಿದಾಗ ನಾನು ಬಾಯಿ ತೆರೆಯುವುದಿಲ್ಲ, ಕಾಲು ಒತ್ತುತ್ತೇನೆ. ನೋಡಲು ಬಂದ ಬೀಗರು ನಗಿಸಲು ಹೊರಟರೆ ಅವರಿಗೆ ಚಹಾ ಕೊಟ್ಟು ಹೊರಗೆ ಕೂಡಿಸುತ್ತೇನೆ!

ಇನ್ನು ನಂಬಿಕೆ. ಶರಣಬಸವೇಶ್ವರರ ಗುಡಿಯಲ್ಲಿ ಕೈಮುಗಿದು ಅವಳು ರೋಗ ವಾಸಿಯಾಗಲಿ ಎಂದು ಬೇಡುವುದಿಲ್ಲ. "ಸೂಜಿ ಒಂದೇ ಸಲಕ್ಕ ಹೋಗಲಪ್ಪಾ" ಎನ್ನುತ್ತಾಳೆ. ಪಕ್ಕದ ಹಾಸಿಗೆಯ ತಾಯಿಯೊಬ್ಬರು ಬಂದೇನವಾಜರ ದರ್ಗಾದಲ್ಲಿ ಇಬ್ಬರಿಗೂ ಸೇರಿಸಿ ದುಆ ಕೇಳಿ ಬರುತ್ತಾರೆ. ಬಂಧುವೊಬ್ಬರು ಡಯಾಲಿಸಿಸ್ ಬಿಟ್ಟು 11 ದಿನ ದೇವರ ಸೇವೆ ಮಾಡು ಎಂದಾಗ ನಾನು ಬೈಯಬೇಕೆಂದಿದ್ದೆ. ಅವಳೇ, "ಶರಣಪ್ಪ ಮಷೀನಿನ್ಯಾಗೂ ಅದಾನ ಕಾಕಾ, ವಾರಕ್ಕೆರಡು ಸಲ ಭೆಟ್ಟಿ ಆಗ್ತದ" ಅಂದಳು. ಯಂತ್ರ ಬಿಟ್ಟರೆ ಜೀವಕ್ಕೇ ಅಪಾಯ. ಉಪವಾಸ, ರೋಜಾ ಏನಿದ್ದರೂ ಡಾಕ್ಟರನ್ನು ಕೇಳಿಯೇ ಮಾಡಿ.

ನನ್ನ ಕಸುಬಿನಿಂದ ಒಂದು ಮಾತು. ಡೈಕ್ಲೊಫೆನಾಕ್ ಕೊಟ್ಟ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆದ್ದರಿಂದಲೇ 2006ರಲ್ಲಿ ಸರ್ಕಾರ ಅದನ್ನು ಪಶುಗಳಿಗೆ ನಿಷೇಧಿಸಿತು. ಹಾಗಿದ್ದೂ ಮೈಕೈ ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವವರು ಇಲ್ಲಿ ಬಹಳ. ಕಿಡ್ನಿ ಸೋತವರಿಗೆ ಇವೂ, ಹೆಸರಿಲ್ಲದ ಬೇರು-ಭಸ್ಮಗಳೂ ಬೇಡ.

ಡಯಾಲಿಸಿಸ್‌ಗಾಗಿ ಕೈಯಲ್ಲಿ ಮಾಡಿದ ಫಿಸ್ಟುಲಾವನ್ನು ದಿನಾ ಮುಟ್ಟಿ ನೋಡಬೇಕು, ಒಳಗೆ ಜುಮ್ಮೆನ್ನುತ್ತಿರಬೇಕು. ನಿಂತರೆ ತಕ್ಷಣ ಆಸ್ಪತ್ರೆ. ಆ ಕೈಯಿಂದ ಹಾಲಿನ ಕ್ಯಾನು ಎತ್ತಿಸಬೇಡಿ, ಆ ಕೈಗೆ ಸೂಜಿ, ಬಿ.ಪಿ. ಪಟ್ಟಿ ಹಾಕಿಸಬೇಡಿ. ಖರ್ಚಿಗೆ ಎಮ್ಮೆ ಮಾರುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ಸೇವೆಯುಂಟು.

ಮಂಗಳವಾರ, ಶುಕ್ರವಾರ ಮಧ್ಯಾಹ್ನದವರೆಗೆ ನಾನು ಆಸ್ಪತ್ರೆಯಲ್ಲಿರುತ್ತೇನೆ. ಬೆಳಿಗ್ಗೆ ಬೆದೆಗೆ ಬಂದ ಆಕಳಿಗೆ ಸಂಜೆ ಗರ್ಭಧಾರಣೆ ಮಾಡಿಸುವುದೇ ಸರಿಯಾದ ಹೊತ್ತು, ಅಷ್ಟರಲ್ಲಿ ಬಂದಿರುತ್ತೇನೆ. ಕರು ಅಡ್ಡ ಸಿಕ್ಕಿದ್ದರೆ ಮಾತ್ರ ಕಾಯಬೇಡಿ, ಆಗಲೇ ಫೋನ್ ಮಾಡಿ. "ಹೋಗ್ರಿ, ನಾ ಎಲ್ಲೂ ಓಡಿಹೋಗಂಗಿಲ್ಲ, ಕಟ್ಟಿಹಾಕ್ಯಾರ" ಎಂದು ಅವಳೇ ಕಳಿಸುತ್ತಾಳೆ.