ಬಾಗಿಲ ಬಳಿಯ ಅರ್ಜಿ ನಮೂನೆ



ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನೀವು ಹಾಲ್ ಟಿಕೆಟ್ ತೋರಿಸುತ್ತೀರಿ. ಜಾಲತಾಣವೂ ಹಾಗೆಯೇ ಬಳಕೆದಾರನ ಹೆಸರು ಮತ್ತು ಗುಪ್ತಪದವನ್ನು ಕೇಳುತ್ತದೆ. ಈ ಗುರುತು ತಪಾಸಣೆಯನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯುವುದಿಲ್ಲ. ಯಾರೋ ಬರೆದಿಟ್ಟ ಲೈಬ್ರರಿಯನ್ನು ತಂದು ಜೋಡಿಸಿಕೊಳ್ಳುತ್ತಾರೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅಂಥ ಒಂದು ಲೈಬ್ರರಿಯ ಹೆಸರು ಪಾಸ್‌ಪೋರ್ಟ್.

1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಬಹಳ ಧಾರಾಳಿ. ಸಂಖ್ಯೆ ಇರಬೇಕಾದ ಕಡೆ ಪದವನ್ನು ಇಟ್ಟರೂ ಮೊದಲೇ ಆಕ್ಷೇಪಿಸುವುದಿಲ್ಲ. ಆದ್ದರಿಂದ 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಟೈಪ್‌ಸ್ಕ್ರಿಪ್ಟ್ ಭಾಷೆಯನ್ನು ಹೊರತಂದಿತು. ಜಾವಾಸ್ಕ್ರಿಪ್ಟಿನಲ್ಲಿ ಬರೆದ ಲೈಬ್ರರಿಗಳನ್ನು ಅದಕ್ಕೆ ಪರಿಚಯಿಸುವ ಕಡತವೇ ಟೈಪ್ ಘೋಷಣೆ. ಪಾಸ್‌ಪೋರ್ಟಿನ ಘೋಷಣೆಗಳು ಡೆಫಿನಿಟ್ಲಿಟೈಪ್ಡ್ ಎಂಬ ಸಾಮೂಹಿಕ ಸಂಗ್ರಹದಲ್ಲಿವೆ. ಅವುಗಳಲ್ಲಿ ಕೆಲಸ ಮಾಡುವ ಒಂದು ಸಾಲೂ ಇಲ್ಲ. ಯಾವ ಜಾಗದಲ್ಲಿ ಯಾವ ಬಗೆಯ ಮಾಹಿತಿ ಬರಬೇಕು ಎಂದು ತಿಳಿಸುವ ಅರ್ಜಿ ನಮೂನೆ, ಅಷ್ಟೆ.

ಅಷ್ಟರಿಂದ ಏನು ಪ್ರಯೋಜನ ಎನ್ನುತ್ತೀರಾ? ನೋಡಿ. ಗುಪ್ತಪದ ಸರಿಯಿದ್ದರೆ ಬಳಕೆದಾರನ ವಿವರವನ್ನೂ, ತಪ್ಪಿದ್ದರೆ 'ಫಾಲ್ಸ್' ಎಂಬ ಮೌಲ್ಯವನ್ನೂ ನೀವು ಪಾಸ್‌ಪೋರ್ಟಿಗೆ ಒಪ್ಪಿಸಬೇಕು. ಒಬ್ಬ ಹುಡುಗ ಅವಸರದಲ್ಲಿ ಆ ಫಾಲ್ಸ್‌ಗೆ ಉದ್ಧರಣ ಚಿಹ್ನೆ ಹಾಕಿದನೆನ್ನಿ. ಈಗ ಅದು ಮೌಲ್ಯವಲ್ಲ, ಐದು ಇಂಗ್ಲಿಷ್ ಅಕ್ಷರಗಳ ಒಂದು ಪದ. ಖಾಲಿಯಲ್ಲದ ಯಾವ ಪದವನ್ನೂ ಜಾವಾಸ್ಕ್ರಿಪ್ಟ್ 'ನಿಜ' ಎಂದೇ ಎಣಿಸುತ್ತದೆ. ಗುಪ್ತಪದ ತಪ್ಪಿದವನಿಗೂ ಬಾಗಿಲು ತೆರೆದುಕೊಳ್ಳುತ್ತದೆ!

ಘೋಷಣೆ ಇದನ್ನು ತಡೆಯಬಲ್ಲದು. ಆದರೆ ನಿಮ್ಮ ಪಾಲಿನ ಕೆಲಸವೂ ಇದೆ. ಅದರಲ್ಲಿ 'ಯೂಸರ್' ಎಂಬ ನಮೂನೆಯನ್ನು ಬೇಕೆಂದೇ ಖಾಲಿ ಬಿಡಲಾಗಿದೆ. ನಿಮ್ಮ ಬಳಕೆದಾರನಿಗೆ ಇರುವುದು ರೋಲ್ ನಂಬರೋ ದೂರವಾಣಿ ಸಂಖ್ಯೆಯೋ ಲೈಬ್ರರಿಗೇನು ಗೊತ್ತು? ಖಾಲಿ ನಮೂನೆಗೆ ಆ ಐದಕ್ಷರದ ಪದವೂ ಸಲ್ಲುತ್ತದೆ. "ರೋಲ್ ನಂಬರ್ ಇರಲೇಬೇಕು, ಅದು ಸಂಖ್ಯೆಯಾಗಿರಬೇಕು" ಎಂದು ನೀವು ಬರೆದು ಸೇರಿಸಿದರೆ, ಕ್ರಮವಿಧಿ ಓಡುವ ಮುನ್ನವೇ ತಪ್ಪು ಸಿಕ್ಕಿಬೀಳುತ್ತದೆ. ಬಹಳ ಮಂದಿ ಇದನ್ನು ಬೇಸರದ ಕೆಲಸವೆಂದು ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ, ಇಡೀ ಘೋಷಣೆಯಲ್ಲಿ ಬಿಡಬಾರದ ಕೆಲಸ ಇದೊಂದೇ.

ಇನ್ನೊಂದು ಸಣ್ಣ ಗುರುತಿದೆ: ಕೋರಿಕೆಯಲ್ಲಿನ 'ಯೂಸರ್' ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬಂದವನು ಲಾಗಿನ್ ಆಗದೆಯೂ ಇರಬಹುದು ಎಂದರ್ಥ. ಕಟ್ಟುನಿಟ್ಟಿನ ತಪಾಸಣೆಯನ್ನು ಚಾಲೂ ಇಟ್ಟಿದ್ದರೆ, ಅವನು ಇದ್ದಾನೆಯೇ ಎಂದು ನೋಡದೆ ರೋಲ್ ನಂಬರ್ ಓದಲು ಹೊರಟವರನ್ನು ಟೈಪ್‌ಸ್ಕ್ರಿಪ್ಟ್ ತಡೆದು ನಿಲ್ಲಿಸುತ್ತದೆ.

ಆದರೆ ಕ್ರಮವಿಧಿ ಓಡುವ ಹೊತ್ತಿಗೆ ಈ ಘೋಷಣೆಗಳೆಲ್ಲ ಅಳಿಸಿಹೋಗಿರುತ್ತವೆ. ಆಗ ಗುಪ್ತಪದವನ್ನು ಹೋಲಿಸಿ ನೋಡುವುದು ನೀವು ಬರೆದ ಸಾಲುಗಳೇ.