ಹೆಣಕ್ಕೆ ಆರಡಿ, ಹೆಸರಿಗೆ ಒಂದು ಕಲ್ಲು

(ಬಾಳೆಗುಳಿಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ನಮ್ಮನ್ನು ಕವಿತೆ ಓದಲಿಕ್ಕೆ ಕರೆದಿದ್ದರು. ಕವಿತೆ ಬೇಡ, ಸ್ಮಶಾನದ ಬಗ್ಗೆ ಮಾತಾಡುತ್ತೇವೆ ಎಂದೆವು. ಕೆಲವರಿಗೆ ಕಸಿವಿಸಿಯಾಯಿತು. ಹೊತ್ತು ಮುಳುಗುವಾಗ ಹೆಣದ ಮಾತು ಎಂತಕ್ಕೆ ಅಂದರು. ಬದುಕಿದ್ದವರ ಭೂಮಿಗಾಗಿ ನಾವು ಬಹಳ ಸಭೆ ಮಾಡಿದ್ದೇವೆ. ಸತ್ತವರ ಭೂಮಿಗಾಗಿ ಒಂದು ಸಭೆಯನ್ನೂ ಮಾಡಿಲ್ಲ. ಅದಕ್ಕೇ ಈ ಮಾತು.

ಹೋದ ಮಳೆಗಾಲದಲ್ಲಿ ನಮ್ಮ ಕೇರಿಯ ಒಬ್ಬ ಅಜ್ಜಿ ತೀರಿಕೊಂಡಳು. ಆಷಾಢದ ಮಳೆ. ಬೇಣದ ಅಂಚಿನಲ್ಲಿ, ಗೇರುಮರದ ಬುಡದಲ್ಲಿ ಗುಂಡಿ ತೋಡಿದೆವು. ಮೊಣಕಾಲುದ್ದ ತೋಡುವುದರೊಳಗೆ ನೀರು. ಕೊಡಪಾನದಲ್ಲಿ ಎತ್ತಿ ಚೆಲ್ಲಿದೆವು, ಮತ್ತೆ ನೀರು. ಅಷ್ಟರಲ್ಲಿ ಒಬ್ಬರು ಬಂದು, ಇದು ನಮ್ಮ ಹದ್ದು, ಆಚೆ ಸರೀರಿ ಅಂದರು. ನಾವು ಹುಡುಗರು ಜಗಳಕ್ಕೆ ನಿಂತೆವು. ಹಿರಿಯರೊಬ್ಬರು ನಮ್ಮ ಕೈ ಹಿಡಿದು, "ತಮಾ, ಹೆಣ ಇಟ್ಕಂಡು ಜಗಳ ಮಾಡೂಕಾಗ್ತದೇನೋ? ನಾಕು ಮಾರು ಆಚೆ ತೋಡು" ಎಂದರು. ನಾಲ್ಕು ಮಾರು ಆಚೆ ತೋಡಿದೆವು. ಅಲ್ಲಿ ಹಾರೆಗೆ ಎಲುಬು ತಾಗಿತು. ಯಾರ ಅಜ್ಜನೋ, ಯಾರ ತಾಯಿಯೋ. ಗುರುತಿಗೆ ಒಂದು ಕಲ್ಲು ಇದ್ದಿದ್ದರೆ ನಾವು ಅಲ್ಲಿ ಹಾರೆ ಹಾಕುತ್ತಿರಲಿಲ್ಲ.

ಕಾಲೇಜಿನಲ್ಲಿ ನಾವು ಇತಿಹಾಸ ಓದಿದೆವು. ವಿಜಾಪುರದ ಗೋಲಗುಮ್ಮಟದ ಅಳತೆ ಬಾಯಿಪಾಠ ಮಾಡಿದೆವು. ಅದರ ಕೆಳಗೆ ಯಾವ ಸುಲ್ತಾನ ಮಲಗಿದ್ದಾನೆ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡೆವು. ನಿನ್ನ ಮುತ್ತಜ್ಜ ಎಲ್ಲಿ ಮಲಗಿದ್ದಾನೆ ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ.

ಈಗ ನಿಮಗೆ ಒಂದು ಸಣ್ಣ ಸ್ಮಶಾನದ ಕತೆ ಹೇಳುತ್ತೇವೆ. ಅದು ಇರುವುದು ಮಂಗಳೂರಿನಲ್ಲಿ. ದೂರದ ಊರು ಅನ್ನಬೇಡಿ. ಹುಬ್ಬಳ್ಳಿ ರಸ್ತೆ ಬಂದು ಕೂಡುವ ನಮ್ಮ ಈ ಕ್ರಾಸಿನಿಂದ ತೆಂಕಕ್ಕೆ ಹೋಗುವ ಹೆದ್ದಾರಿ ಮಂಗಳೂರಿಗೇ ಹೋಗುತ್ತದೆ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸುವ ತನಕ ಎರಡೂ ಕಡೆಯವರು ಮದರಾಸಿನ ಕೈಕೆಳಗೇ ಇದ್ದವರು. ಗಡಿ ಬದಲಾಯಿತು; ನಮ್ಮನ್ನು ಮುಟ್ಟದಿರುವ ರೂಢಿ ಎರಡೂ ಕಡೆ ಹಾಗೇ ಉಳಿಯಿತು.

ಮಂಗಳೂರಿನ ಅತ್ತಾವರದ ಹತ್ತಿರ ಬಾಬುಗುಡ್ಡೆ ಅಂತ ಇದೆ. ಅಲ್ಲಿ ಬ್ರಹ್ಮಸಮಾಜದವರ ಚಿಕ್ಕ ಸ್ಮಶಾನ. ಮಂಗಳೂರಿಗೆ ಬ್ರಹ್ಮಸಮಾಜ ಬಂದದ್ದು 1870ರಲ್ಲಿ. ಜಾತಿ ಬೇಡ, ವಿಗ್ರಹ ಬೇಡ ಎಂದ ಬೆರಳೆಣಿಕೆಯ ಮನೆಗಳು ಅದಕ್ಕೆ ಸೇರಿದವು. ಸೇರಿದವರನ್ನು ಅವರ ಜಾತಿಯವರು ಹೊರಗೆ ಹಾಕಿದರು. ಯೋಚನೆ ಮಾಡಿ: ಜಾತಿಯಿಂದ ಹೊರಬಿದ್ದವನಿಗೆ ಜಾತಿಯ ಸ್ಮಶಾನ ಎಲ್ಲಿಯದು? ಊರು ಬಿಟ್ಟವನಿಗೆ ಇನ್ನೊಂದು ಊರು ಸಿಗುತ್ತದೆ. ಜಾತಿ ಬಿಟ್ಟವನು ತನ್ನ ಮಣ್ಣನ್ನೂ ತಾನೇ ಹುಡುಕಬೇಕು. ಈ ದೇಶದಲ್ಲಿ ಜಾತಿ ಚಟ್ಟದ ತನಕ ಬರುತ್ತದೆ, ಚಟ್ಟ ಇಳಿಸಿದ ಮೇಲೂ ಬರುತ್ತದೆ.

ಆ ಜಾಗದಲ್ಲಿ ಕುದ್ಮುಲ್ ರಂಗರಾಯರ ಸಮಾಧಿ ಇದೆ. 1859ರಲ್ಲಿ ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು. ಮಂಗಳೂರಿನಲ್ಲಿ ವಕೀಲಿ ಮಾಡಿದರು. ಬೆಂದೂರು ಬಾಬು ಎಂಬ ನಮ್ಮವನೊಬ್ಬನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಜವಾನನ ಕೆಲಸ, ಬಂಧುಗಳೆ, ಜಡ್ಜಿಯದಲ್ಲ. ಅಷ್ಟಕ್ಕೇ ಮೇಲ್ಜಾತಿಯವರು ಗದ್ದಲ ಎಬ್ಬಿಸಿದರು. ರಂಗರಾಯರು ಇದನ್ನು ಕಂಡವರು. 1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಹಸಿದ ಮಕ್ಕಳು ಅಕ್ಷರ ಕಲಿಯಲಾರರೆಂದು ಮಧ್ಯಾಹ್ನದ ಊಟ ಹಾಕಿದರು. ಸರ್ಕಾರದ ಬಿಸಿಯೂಟ ಬರುವುದಕ್ಕೆ ಎಷ್ಟೋ ಕಾಲ ಮೊದಲಿನ ಮಾತು ಇದು. ಊರು ಅವರಿಗೆ ಬಹಿಷ್ಕಾರ ಹಾಕಿತು. ಅವರು ಶಾಲೆ ಮುಚ್ಚಲಿಲ್ಲ. ಮಗಳು ರಾಧಾಬಾಯಿ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಜಾತಿ ಬಿಡಿ ಎಂದು ಬೀದಿಯಲ್ಲಿ ಹೇಳಿದ್ದನ್ನು ಮನೆಯೊಳಗೂ ಮಾಡಿ ತೋರಿಸಿದ ಕುಟುಂಬ ಅದು.

1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಯ ನೀರು ಮುಟ್ಟಿದರು. ಮರುವರ್ಷ, 1928ರ ಜನವರಿ 30ರಂದು ರಂಗರಾಯರು ತೀರಿಕೊಂಡರು. ಅವರು ಮೊದಲೇ ಹೇಳಿಟ್ಟಿದ್ದರು: ನನ್ನ ಹೆಣವನ್ನು ತೋಟಿಗಳು ಹೊರಬೇಕು. ಊರಿನ ಕಕ್ಕಸು ಬಳಿಯುವವರು, ಬೀದಿ ಗುಡಿಸುವವರು ಹೆಗಲು ಕೊಡಬೇಕು. ಇನ್ನೊಂದು ಆಸೆಯನ್ನೂ ಹೇಳಿಕೊಂಡಿದ್ದರು. ನಮ್ಮ ಮಕ್ಕಳು ಓದಿ, ದೊಡ್ಡ ಕೆಲಸ ಹಿಡಿದು, ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಆಗ ತಮ್ಮ ಬಾಳು ಸಾರ್ಥಕ ಎಂದು.

ಇದನ್ನು ಕೇಳಿ ನಮ್ಮ ಗಂಟಲು ಕಟ್ಟಿತು. ಆದರೆ ಬಂಧುಗಳೆ, ಗಂಟಲು ಕಟ್ಟಿಸಿಕೊಂಡು ಸುಮ್ಮನೆ ಕೂರಲು ನಾವು ತಯಾರಿಲ್ಲ. ಈ ಕತೆ ಹೇಳುವವರೆಲ್ಲ ರಂಗರಾಯರ ಹೆಸರು ಹೇಳುತ್ತಾರೆ. ಹೆಗಲು ಕೊಟ್ಟವರನ್ನು "ತೋಟಿಗಳು" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಹೆಗಲುಗಳಿಗೂ ಹೆಸರಿತ್ತು. ಅವರೂ ಒಂದು ದಿನ ಸತ್ತರು. ಅವರನ್ನು ಯಾರು ಹೊತ್ತರು? ಯಾವ ಗುಡ್ಡೆಯಲ್ಲಿ ಇಟ್ಟರು? ಈ ಪ್ರಶ್ನೆ ರಂಗರಾಯರ ಮೇಲಿನ ದೂರಲ್ಲ. ತನ್ನ ಹೆಣವನ್ನು ನಮ್ಮ ಹೆಗಲಿಗೆ ಕೊಟ್ಟವರು ಅವರು. ನಮ್ಮ ಹೆಗಲಿನ ಹೆಸರು ಬರೆದಿಡುವ ಕೆಲಸ ನಮ್ಮದು. ಉಪಕಾರ ಮಾಡಿದವರ ಸಮಾಧಿಗೆ ವರ್ಷಕ್ಕೊಮ್ಮೆ ಹೂ ಹಾಕಿ ಬಂದರೆ ಆ ಕೆಲಸ ಆಗುವುದಿಲ್ಲ.

ನಮ್ಮವರ ಚರಿತ್ರೆಯನ್ನೂ ಮಣ್ಣು ಹಿಡಿದಿಟ್ಟುಕೊಂಡಿದೆ. 1956ರ ಡಿಸೆಂಬರ್ 7ರಂದು ಬಾಬಾಸಾಹೇಬರ ಚಿತೆ ಉರಿದ ದಾದರಿನ ಕಡಲದಂಡೆ ಇವತ್ತು ಚೈತ್ಯಭೂಮಿ. 1997ರಲ್ಲಿ ತೀರಿಕೊಂಡ ಪ್ರೊ. ಬಿ. ಕೃಷ್ಣಪ್ಪನವರು, ದಲಿತ ಸಂಘರ್ಷ ಸಮಿತಿ ಕಟ್ಟಿದವರು, ಹರಿಹರದ ಹತ್ತಿರ ಹನಗವಾಡಿಯ ಮೈತ್ರಿವನದಲ್ಲಿದ್ದಾರೆ. ಅಲ್ಲಿಗೆ ಹೋದವರು ಪೂಜೆ ಮಾಡಿ ಬರುವುದಿಲ್ಲ, ಹೋರಾಟದ ಮಾತು ಹೊತ್ತು ಬರುತ್ತಾರೆ. ಸಮಾಧಿ ಇರಬೇಕಾದದ್ದು ಅದಕ್ಕೇ.

ಕೆಲವು ಓದಿದವರು ನಮಗೆ ಹೇಳುತ್ತಾರೆ: ಸತ್ತ ಮೇಲೆ ಜಾಗ ಎಂತಕ್ಕೆ, ನಮ್ಮ ಅಂಕೋಲೆಯ ದಿನಕರ ದೇಸಾಯಿಯವರೇ ತಮ್ಮ ಬೂದಿಯನ್ನು ಗಾಳಿಗೆ ತೂರಲು ಬರೆಯಲಿಲ್ಲವೇ, ಅಂತ. ಬರೆದರು. ಅದು ಭತ್ತದ ಗದ್ದೆಗೆ ಗೊಬ್ಬರವಾಗಲಿ ಎಂಬ ಆಸೆ. ಗೇಣಿ ರೈತರಿಗಾಗಿ ದುಡಿದ ಅವರ ಬಾಯಿಗೆ ಆ ಮಾತು ಒಪ್ಪುತ್ತದೆ. ಆದರೆ ಬಿಡುವುದಕ್ಕೂ ಮೊದಲು ಇರಬೇಕಲ್ಲ? ನಮ್ಮ ಹೆಸರು ಎಂದೂ ಯಾವ ಕಾಗದದಲ್ಲೂ ಇರಲಿಲ್ಲ. ಇಲ್ಲದ್ದನ್ನು ನಾವು ತ್ಯಾಗ ಮಾಡುವುದು ಹೇಗೆ?

ಕಾನೂನು ಏನು ಹೇಳುತ್ತದೆ, ಕೇಳಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 4ನೇ ಕಲಮಿನಲ್ಲಿ ಬಾವಿ, ಕೆರೆ, ರಸ್ತೆಯ ಜೊತೆಗೆ ಸ್ಮಶಾನದ ಹೆಸರೂ ಇದೆ. ಅಸ್ಪೃಶ್ಯತೆಯ ಹೆಸರಿನಲ್ಲಿ ಅಲ್ಲಿ ತಡೆದರೆ ಅಪರಾಧ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಲ್ಲೂ ಇದೇ ಮಾತು ಬಂದಿದೆ. 2019ರಲ್ಲಿ ನಮ್ಮ ರಾಜ್ಯದ ಹೈಕೋರ್ಟು, ಸ್ಮಶಾನ ಇಲ್ಲದ ಹಳ್ಳಿಗಳಿಗೆ ಜಾಗ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಜಾಗ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಹಾಗಾದರೆ ಮಾಡುವುದೇನು? ಮೂರು ಕೆಲಸ.

ಒಂದು: ನಮ್ಮ ಹೆಣಗಳು ಬಿದ್ದಿರುವ ಜಾಗಕ್ಕೆ ಸರ್ವೆ ನಂಬರು ಏನು, ಪಹಣಿಯಲ್ಲಿ ಏನು ಬರೆದಿದೆ ಎಂದು ತೆಗೆಸಬೇಕು. ಬಾಯಿಮಾತಿನ ಸ್ಮಶಾನ ಬೇಡ. ಕಾಗದದ ಸ್ಮಶಾನ ಬೇಕು. ಅರ್ಜಿಯನ್ನು ಹತ್ತು ಜನ ಒಟ್ಟಾಗಿ ಕೊಡಬೇಕು, ಸ್ವೀಕೃತಿ ಕೇಳಿ ಪಡೆಯಬೇಕು.

ಎರಡು: ಪ್ರತಿ ಮನೆಯ ಹಿರಿಯರ ಹತ್ತಿರ ಕೂತು, ಯಾರನ್ನು ಎಲ್ಲಿ ಇಟ್ಟರು ಅಂತ ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು. ಅವರೂ ಹೋದ ಮೇಲೆ ಹಾರೆಯೇ ಹೇಳಬೇಕಾಗುತ್ತದೆ. ಹಾರೆ ಹೇಗೆ ಹೇಳುತ್ತದೆ ಎಂದು ನಾವು ನೋಡಿದ್ದೇವೆ.

ಮೂರನೆಯದು ಕಹಿ ಮಾತು. ಜಾಗ ಸಿಕ್ಕ ಮೇಲೆ ಈ ಜಾತಿಗೆ ಈ ಮೂಲೆ, ಆ ಜಾತಿಗೆ ಆ ಮೂಲೆ ಎಂದು ನಾವೇ ಗೆರೆ ಎಳೆಯಬಾರದು. ನಮ್ಮ ನಮ್ಮಲ್ಲೇ ಹೆಗಲು ಕೊಡದವರು ಇದ್ದಾರೆ. ನೀವೂ ಬಲ್ಲಿರಿ, ನಾವೂ ಬಲ್ಲೆವು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರೊಬ್ಬರು 1928ರಲ್ಲೇ ತೋಟಿಗಳ ಹೆಗಲೇರಿ ಹೋದರು. ಇಷ್ಟು ವರ್ಷದ ಮೇಲೂ ನಾವು ಒಬ್ಬರ ಹೆಣ ಒಬ್ಬರು ಮುಟ್ಟದಿದ್ದರೆ, ಮನುವಾದಿಗಳನ್ನು ಬೈಯುವ ಬಾಯಿ ನಮಗೆಲ್ಲಿದೆ?

ಆ ಅಜ್ಜಿಯನ್ನು ಇಟ್ಟ ಜಾಗದಲ್ಲಿ ನಾವು ಒಂದು ಕೆಂಪುಕಲ್ಲು ನೆಟ್ಟಿದ್ದೇವೆ. ಉಳಿಯಿಂದ ಅವಳ ಹೆಸರು ಕೊರೆದಿದ್ದೇವೆ. ಅಕ್ಷರ ಸೊಟ್ಟವಾಗಿದೆ. ಪಕ್ಕದಲ್ಲಿ ಇನ್ನೊಂದು ಕಲ್ಲು ನೆಟ್ಟಿದ್ದೇವೆ, ಅದರ ಮೇಲೆ ಹೆಸರಿಲ್ಲ. ಅದು ಹಾರೆಗೆ ಸಿಕ್ಕವರದು. ಅವರ ಹೆಸರು ಗೊತ್ತಿದ್ದವರು ಸಭೆ ಮುಗಿದ ಮೇಲೆ ಬಂದು ಹೇಳಿ. ಉಳಿ ನಮ್ಮ ಹತ್ತಿರ ಇದೆ.

ಜೈ ಭೀಮ್.