ಗುಡ್ಡಾಪುರದ ದಾರಿಯಲ್ಲಿ ನಮ್ಮ ಮಕ್ಕಳು

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ನೂರು ವರ್ಷದ ಶಾಲೆಯ ಬಗ್ಗೆ ಮಾತನಾಡುವವರು ಕಟ್ಟಡ, ಫಲಿತಾಂಶ, ದಾನಿಗಳು ಇವುಗಳನ್ನು ನೆನೆಯುವುದು ವಾಡಿಕೆ. ಅವನ್ನೆಲ್ಲ ನಮಗಿಂತ ಮೊದಲು ಮಾತನಾಡಿದ ಹಿರಿಯರು ನೆನೆದಿದ್ದಾರೆ. ನಮ್ಮ ಪಾಲಿಗೆ ಬಂದ ಈ ಅಲ್ಪಾವಧಿಯಲ್ಲಿ ನಾವು ಒಂದೇ ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಅದು ಪ್ರತಿವರ್ಷ ಛಟ್ಟಿ ಅಮಾವಾಸ್ಯೆಯ ವೇಳೆಗೆ ಗುಡ್ಡಾಪುರದ ದಾರಿಯಲ್ಲಿ ನಮ್ಮ ಆರು ಮತ್ತು ಏಳನೆಯ ತರಗತಿಯ ಮಕ್ಕಳು ಮಾಡುವ ಸೇವೆ ಹಾಗೂ ಆ ಮಕ್ಕಳನ್ನು ಕರೆದೊಯ್ಯುವವರ ಹೊಣೆ. ಈ ಪ್ರವಾಸವನ್ನು ಮುಂದುವರಿಸಬೇಕೆ, ಹೆಣ್ಣುಮಕ್ಕಳನ್ನು ಅದರಲ್ಲಿ ಸೇರಿಸಬೇಕೆ ಎಂಬ ಪ್ರಶ್ನೆ ಪಾಲಕರ ಸಭೆಯಲ್ಲಿ ಎದ್ದಿದೆ. ಆ ಪ್ರಶ್ನೆಗೆ ಬಹಿರಂಗವಾಗಿ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಗುಡ್ಡಾಪುರದ ದಾನಮ್ಮದೇವಿಯ ವಿಷಯ ಇಲ್ಲಿ ಕುಳಿತವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಜತ್ತ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಎಂಬ ಹುಡುಗಿ, ಹನ್ನೆರಡನೆಯ ಶತಮಾನದ ಶರಣರ ಕೂಟವನ್ನು ಸೇರಿ, ತನ್ನ ದಾನಗುಣದಿಂದಾಗಿ ಬಸವಣ್ಣನವರಿಂದ ದಾನಮ್ಮ ಎಂಬ ಹೆಸರನ್ನು ಪಡೆದಳೆಂದು ನಮ್ಮ ಜನ ನಂಬಿಕೊಂಡು ಬಂದಿದ್ದಾರೆ. ಕಾರ್ತಿಕದ ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರದ ಕಡೆಯಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ಅವರಲ್ಲಿ ಹೆಂಗಸರ ಸಂಖ್ಯೆ ಬಹಳ. ದಾರಿಯುದ್ದಕ್ಕೂ ಹಳ್ಳಿಯವರು ಅರವಟ್ಟಿಗೆ ಇಡುತ್ತಾರೆ, ಚಹಾ ಕೊಡುತ್ತಾರೆ, ರೊಟ್ಟಿ ಪಲ್ಯ ಬಡಿಸುತ್ತಾರೆ. ರಾಜ್ಯದ ಗಡಿ ಎಲ್ಲಿ ದಾಟಿತೆಂಬುದು ನಡೆಯುವವರಿಗೂ ಬಡಿಸುವವರಿಗೂ ಗೊತ್ತಾಗುವುದಿಲ್ಲ.

ಇಂಥ ಸೇವೆ ಶಾಲೆಗೆ ಸೇರಿದ ಕೆಲಸವೇ ಎಂದು ಕೇಳುವವರಿದ್ದಾರೆ. ನಮ್ಮ ಶಾಲೆ ಹುಟ್ಟಿದ ಕಾಲವನ್ನು ಒಮ್ಮೆ ನೆನೆಯೋಣ. ಆಗ ಇದು ಜತ್ತ ಸಂಸ್ಥಾನ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; ನಾವು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿದೆವು; 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು, ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ಆಡಳಿತ ಬದಲಾದಂತೆ ಫಲಕದ ಮೇಲಿನ ಹೆಸರು ಬದಲಾಯಿತು. ಒಳಗಿನ ಪಾಠ ಮಾತ್ರ ಕನ್ನಡದಲ್ಲಿಯೇ ನಡೆಯಿತು. ಅದೇ ಕಾಲದಲ್ಲಿ, 1923ರಲ್ಲಿ, ಧಾರವಾಡದ ಕಡೆಯ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಓದಿದ ಮನೆತನದ ತರುಣರು ಕಾಕಾ ಕಾಲೇಲ್ಕರರ ಜೊತೆಗೂಡಿ ಶೌಚದ ಸ್ಥಳಗಳನ್ನು ಶುಚಿಗೊಳಿಸುವ ಕೆಲಸಕ್ಕೂ ಕೈಹಾಕಿದರು. ನಮ್ಮದೇ ನೆರೆಯ ಮಿರಜದಲ್ಲಿ 1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಎಂಬ ಕ್ರೈಸ್ತ ವೈದ್ಯರು ಆಸ್ಪತ್ರೆ ತೆರೆದರು. ಅದರ ಬಾಗಿಲು ಎಲ್ಲ ಜಾತಿಮತದವರಿಗೂ ತೆರೆದಿತ್ತು. ಚರ್ಚಿನ ತರುಣರು ತಂಡ ಕಟ್ಟಿಕೊಂಡು ಸೇವೆಗೆ ಹೋಗುವುದೂ, ಪಂಢರಪುರದ ವಾರಿಯಲ್ಲಿ ಊರವರು ವಾರಕರಿಗಳಿಗೆ ನೀರು ಕೊಡುವುದೂ, ಶರಣರ ದಾಸೋಹವೂ ಒಂದೇ ಬಳಗದ ಮಾತುಗಳು. ಆದ್ದರಿಂದ ಸೇವೆ ನಮ್ಮ ಶಾಲೆಗೆ ಹೊರಗಿನಿಂದ ಬಂದ ವಸ್ತುವಲ್ಲ.

ಆದರೂ ಒಂದು ಗೆರೆಯನ್ನು ನಾವು ಸ್ಪಷ್ಟವಾಗಿ ಎಳೆದುಕೊಂಡಿದ್ದೇವೆ. ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ನಾವು ಮಕ್ಕಳನ್ನು ದೇವಸ್ಥಾನಕ್ಕೆ ಕರೆದೊಯ್ಯುವುದಿಲ್ಲ; ದಾರಿಗೆ ಕರೆದೊಯ್ಯುತ್ತೇವೆ. ಅರವಟ್ಟಿಗೆಯಲ್ಲಿ ನಿಂತವರು ದರ್ಶನ ಮಾಡಬೇಕೆಂಬ ನಿಯಮವಿಲ್ಲ. ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವೂ ಬರುವುದಿಲ್ಲ, ಬಾರದ ಮಗುವಿಗೆ ಯಾವ ಕೊರತೆಯೂ ಆಗುವುದಿಲ್ಲ. ನಮ್ಮ ಮುಸಲ್ಮಾನ ಮನೆಗಳ ಮಕ್ಕಳೂ ಪ್ರತಿವರ್ಷ ಬರುತ್ತಾರೆ. ಅವರ ಮನೆಯ ಹಿರಿಯರು ಬಾಡಿಗೆಯಿಲ್ಲದೆ ನೀರಿನ ಟಾಕಿ ಹೊತ್ತ ಟ್ರ್ಯಾಕ್ಟರ್ ಕಳಿಸುತ್ತಾರೆ. ಬಾಯಾರಿದವರಿಗೆ ನೀರು ಕೊಡಲು ನಾವು ಅವರ ಜಾತಿ ಕೇಳುವುದಿಲ್ಲ, ಕೊಡುವವರದನ್ನೂ ಕೇಳುವುದಿಲ್ಲ.

ಇನ್ನು ಕೆಲಸದ ರೀತಿಯನ್ನು ಹೇಳುತ್ತೇವೆ. ಪ್ರವಾಸಕ್ಕೆ ಹದಿನೈದು ದಿನ ಮೊದಲೇ ತಯಾರಿ ನಡೆಯುತ್ತದೆ. ನೀರಿನ ಟಾಕಿಯನ್ನು ತೊಳೆದು, ಗ್ರಾಮಪಂಚಾಯತಿಯವರಿಂದ ಟಿ.ಸಿ.ಎಲ್. ಪುಡಿ ಹಾಕಿಸುತ್ತೇವೆ. ಎಷ್ಟು ನೀರಿಗೆ ಎಷ್ಟು ಪುಡಿ, ಹಾಕಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಏಳನೆಯ ತರಗತಿಯವರು ಬರೆದಿಟ್ಟುಕೊಳ್ಳುತ್ತಾರೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕವನ್ನು ಆರನೆಯ ತರಗತಿಯವರು ಕಲಿಯುತ್ತಾರೆ. ಉಪ್ಪು ಹೆಚ್ಚಾದರೆ ಕೇಡು ಎಂಬುದನ್ನೂ ಕಲಿಯುತ್ತಾರೆ. ಪಾದದಲ್ಲಿ ಎದ್ದ ಬೊಬ್ಬೆಯನ್ನು ಒಡೆಯಬಾರದು, ತೊಳೆದು ಒಣಗಿಸಿ ಶುಭ್ರವಾದ ಬಟ್ಟೆ ಕಟ್ಟಬೇಕು. ಗಣಿತವೂ ವಿಜ್ಞಾನವೂ ಪುಸ್ತಕದಿಂದ ಹೊರಬಂದು ದಾರಿಯಲ್ಲಿ ನಿಲ್ಲುವುದು ಇಲ್ಲಿ.

ಮಕ್ಕಳ ಕ್ಷೇಮಕ್ಕೆ ನಾವು ಇಟ್ಟುಕೊಂಡ ಕಟ್ಟಳೆಗಳು ಇವು. ಹತ್ತು ಮಕ್ಕಳಿಗೆ ಒಬ್ಬರಂತೆ ಹಿರಿಯರು. ಪ್ರತಿ ಮಗುವಿಗೂ ಒಬ್ಬ ಜೋಡಿ. ಜೋಡಿಯನ್ನು ಬಿಟ್ಟು ಬಯಲಿಗೂ ಹೋಗುವಂತಿಲ್ಲ. ತಾಸಿಗೊಮ್ಮೆ ಹೆಸರು ಕೂಗಿ ಎಣಿಕೆ. ಕತ್ತಲಾದ ಮೇಲೆ ಯಾವ ಮಗುವೂ ರಸ್ತೆಯ ಅಂಚಿನಲ್ಲಿ ನಿಲ್ಲುವುದಿಲ್ಲ. ಒಂದು ರಾತ್ರಿಯ ವಸತಿ ದಾರಿಬದಿಯ ಶಾಲೆಯೊಂದರ ಎರಡು ಕೋಣೆಗಳಲ್ಲಿ. ಹುಡುಗಿಯರ ಕೋಣೆಯ ಬಾಗಿಲಲ್ಲಿ ಇಬ್ಬರು ಶಿಕ್ಷಕಿಯರು ಮಲಗುತ್ತಾರೆ. ದಣಿದ ಯಾತ್ರಿಕರ ಕಾಲೊತ್ತುವುದು ಈ ಯಾತ್ರೆಯಲ್ಲಿ ದೊಡ್ಡ ಸೇವೆಯೆಂದು ನಮಗೆ ತಿಳಿದಿದೆ. ಅದನ್ನು ನಮ್ಮ ಮಕ್ಕಳು ಮಾಡುವುದಿಲ್ಲ. ಅವರು ಬಿಸಿನೀರು ತಂದಿಡುತ್ತಾರೆ, ಮುಂದಿನದನ್ನು ಹಿರಿಯರು ನೋಡಿಕೊಳ್ಳುತ್ತಾರೆ. 2012ರ ಪೋಕ್ಸೋ ಕಾಯಿದೆಯನ್ನೂ 1098 ಎಂಬ ಮಕ್ಕಳ ಸಹಾಯವಾಣಿಯನ್ನೂ ಹೊರಡುವ ಮೊದಲು ಮಕ್ಕಳಿಗೆ ತಿಳಿಸಿ ಹೇಳುತ್ತೇವೆ. ಭಕ್ತಿಯ ದಾರಿಯಲ್ಲಿ ಇಂಥ ಮಾತೇಕೆ ಎಂದು ಕೆಲವರಿಗೆ ಕಸಿವಿಸಿಯಾದದ್ದುಂಟು. ಬೇರೆಯವರ ಮಕ್ಕಳನ್ನು ಕರೆದೊಯ್ಯುವವರಿಗೆ ಮುಜುಗರಪಡುವ ಅಧಿಕಾರವಿಲ್ಲವೆಂಬುದು ನಮ್ಮ ನಿಲುವು.

ಈ ವರ್ಷಗಳಲ್ಲಿ ಮೂರು ಸಂಗತಿಗಳು ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡಿದವು.

ಮೊದಲನೆಯದು ಒಬ್ಬ ಅಜ್ಜಿಯದು. ವಿಜಯಪುರದ ಕಡೆಯಿಂದ ನಡೆದುಬಂದಿದ್ದ ಆಕೆಯ ತಲೆಯ ಮೇಲಿನ ಗಂಟನ್ನು ಕಂಡು ನಮ್ಮ ಹುಡುಗನೊಬ್ಬ ಓಡಿಹೋಗಿ ಕೈಚಾಚಿದ. ಆಕೆ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು, "ಬ್ಯಾಡೋ ನನ್ನಪ್ಪ, ಇದನ್ನ ನಾನs ಹೊತ್ಕೊಂಡು ಹೋಗತೀನಂತ ತಾಯಿಗೆ ಬೇಡಿಕೊಂಡೀನಿ. ನೀ ಹೊತ್ತರ ನನ್ನ ಹರಕಿ ಹೆಂಗ ತೀರಬೇಕು? ಒಂದ್ ತಂಬಿಗಿ ನೀರು ಕೊಡು, ಸಾಕು" ಎಂದಳು. ಹುಡುಗ ನೀರು ತಂದುಕೊಟ್ಟ. ಅಂದಿನಿಂದ ನಮ್ಮ ಮಕ್ಕಳಿಗೆ ಒಂದು ಪಾಠ ಕಡ್ಡಾಯವಾಗಿದೆ: ಮೊದಲು ಕೇಳು, ಆಮೇಲೆ ಕೈಚಾಚು. ನಡೆದುಬರುವವರು ದಿಕ್ಕಿಲ್ಲದವರಲ್ಲ, ತಮ್ಮ ವ್ರತವನ್ನು ತಾವು ಹೊತ್ತವರು. ಅವರ ದಣಿದ ಮುಖವನ್ನು ಮೊಬೈಲಿನಲ್ಲಿ ತೆಗೆದು, ನಮ್ಮ ಶಾಲೆ ಮಾಡಿದ ಉಪಕಾರವೆಂದು ಊರಿಗೆ ತೋರಿಸುವುದು ಸೇವೆಯಾಗದು. ಈ ಸಂಚಿಕೆಯಲ್ಲಿ ಆ ಪ್ರವಾಸದ ಭಾವಚಿತ್ರಗಳು ಏಕಿಲ್ಲವೆಂದು ಕೇಳಿದವರಿಗೆ ಇದೇ ನಮ್ಮ ಉತ್ತರ.

ಎರಡನೆಯದು ಎಂಜಲೆಲೆಯ ಪ್ರಶ್ನೆ. ಒಂದು ವರ್ಷ ಪಾಲಕರೊಬ್ಬರು ಶಾಲೆಗೆ ಬಂದು, "ಬಾಯೋರ, ನಮ್ಮ ಹುಡುಗ ನೀರು ಕೊಡಲಿ, ಬಡಿಸಲಿ. ಉಂಡ ಎಲಿ ಎತ್ತೂದು ನಮ್ಮ ಮನೆತನಕ್ಕ ಒಗ್ಗೂದಿಲ್ಲ" ಎಂದರು. ಅವರು ಕೆಟ್ಟವರಲ್ಲ, ತಮ್ಮ ಮನೆಯಲ್ಲಿ ಕೇಳಿಬಂದದ್ದನ್ನು ಹೇಳಿದರು. ಆದರೆ ಅವರ ಮಾತಿಗೆ ಒಪ್ಪಿದ್ದರೆ ಎಲೆ ಎತ್ತುವ ಕೆಲಸ ಯಾವ ಮನೆಯ ಮಕ್ಕಳ ಪಾಲಿಗೆ ಹೋಗುತ್ತಿತ್ತೆಂಬುದು ಈ ಸಭೆಯಲ್ಲಿ ಎಲ್ಲರಿಗೂ ತಿಳಿದಿದೆ. ನಾವು ವಾದಕ್ಕೆ ನಿಲ್ಲಲಿಲ್ಲ. ಕೆಲಸಗಳನ್ನು ಚೀಟಿ ಎತ್ತಿ ಹಂಚುತ್ತೇವೆ, ಶಿಕ್ಷಕರ ಹೆಸರೂ ಅದೇ ಡಬ್ಬಿಯಲ್ಲಿರುತ್ತದೆ, ಚೀಟಿ ಬದಲಿಸುವಂತಿಲ್ಲ, ಒಪ್ಪಿಗೆಯಿಲ್ಲದಿದ್ದರೆ ಹುಡುಗ ಮನೆಯಲ್ಲಿರಬಹುದು ಎಂದೆವು. ಆ ವರ್ಷ ಆ ಹುಡುಗ ಬರಲಿಲ್ಲ. ಮರುವರ್ಷ ತಾನಾಗಿ ಹಟಹಿಡಿದು ಬಂದ. ಚೀಟಿಯಲ್ಲಿ ಅವನಿಗೆ ಬಂದದ್ದು ಎಲೆ ಎತ್ತುವ ಕೆಲಸವೇ. ಎತ್ತಿದ. ಊಟದ ಹೊತ್ತಿಗೆ ಕೈ ತೊಳೆದುಕೊಂಡು ಎಲ್ಲರೊಡನೆ ಒಂದೇ ಸಾಲಿನಲ್ಲಿ ಕುಳಿತು ಉಂಡ. ದಾಸೋಹವೆಂಬ ಪದಕ್ಕೆ ತರಗತಿಯಲ್ಲಿ ನಾವು ಹೇಳುವ ಅರ್ಥವನ್ನು ಅವನು ಅಲ್ಲಿ ಕಲಿತ.

ಮೂರನೆಯದು ಹೆಣ್ಣುಮಕ್ಕಳ ಪ್ರಶ್ನೆ. ಇದುವೇ ಇಂದಿನ ಚರ್ಚೆಯ ಮೂಲ. "ಹುಡುಗರನ್ನಷ್ಟೇ ಕರೆದುಕೊಂಡು ಹೋಗಿರಿ, ಹುಡುಗಿಯರನ್ನು ರಾತ್ರಿ ಹೊರಗೆ ಇರಿಸುವುದು ಬೇಡ" ಎಂಬ ಸಲಹೆ ಬಂದಿದೆ. ಈ ಕಳಕಳಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿದ ಮೇಲೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಬೇರೆ ಊರಿಗೆ ಹೋಗಬೇಕು. ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಹಳ್ಳಿಯ ವಿದ್ಯಾರ್ಥಿನಿಯರಿಗೆ ಎಸ್.ಟಿ. ಬಸ್ಸಿನ ಪಾಸು ಪುಕ್ಕಟೆಯಾಗಿದೆ. ಪಾಸು ಇದೆ, ಬಸ್ಸೂ ಇದೆ. ಆದರೂ ಎಷ್ಟೋ ಹುಡುಗಿಯರ ಓದು ನಮ್ಮ ಶಾಲೆಯ ಗೇಟಿನಲ್ಲಿಯೇ ನಿಲ್ಲುತ್ತದೆ. ದಾರಿಯ ಮೇಲೆ ನಮಗೆ ನಂಬಿಕೆಯಿಲ್ಲ ಎಂಬುದೇ ಅದಕ್ಕೆ ಮನೆಯವರು ಹೇಳುವ ಕಾರಣ.

ಹಾಗಾಗಿ ಹುಡುಗಿಯರನ್ನು ಬಿಟ್ಟು ಹೋಗುವುದೆಂದರೆ ಆ ಕಾರಣಕ್ಕೆ ಶಾಲೆಯೇ ಮುದ್ರೆ ಒತ್ತಿದಂತೆ. ನಾವು ಬೇರೊಂದು ದಾರಿ ಹಿಡಿದೆವು. ಒಪ್ಪಿಗೆ ಕೊಡದ ಮನೆಗಳ ತಾಯಂದಿರನ್ನೇ ಜೊತೆಗೆ ಬನ್ನಿರೆಂದು ಕರೆದೆವು. ಮೊದಲ ವರ್ಷ ನಾಲ್ವರು ಬಂದರು. ಅವರು ತಮ್ಮ ಮಗಳನ್ನಷ್ಟೇ ಕಾಯಲಿಲ್ಲ. ಎಲ್ಲ ಮಕ್ಕಳಿಗೂ ರೊಟ್ಟಿ ಬಡಿದರು, ರಾತ್ರಿ ಚಳಿಗೆ ಎದ್ದವರಿಗೆ ಕೌದಿ ಹೊದಿಸಿದರು. ತಮ್ಮ ಹನ್ನೆರಡು ವರ್ಷದ ಮಗಳು ನೂರಾರು ಅಪರಿಚಿತರ ಮುಂದೆ ನಿಂತು, ಅಂಜದೆ, ಅಳತೆಮಾಡಿ ಉಪ್ಪುಸಕ್ಕರೆಯ ನೀರು ಕಲಸಿ ಕೊಡುವುದನ್ನೂ, ಜೋಡಿಯವಳು ಕಾಣದಾದೊಡನೆ ಕೂಗಿ ಹಿರಿಯರನ್ನು ಕರೆಯುವುದನ್ನೂ ಕಣ್ಣಾರೆ ಕಂಡರು. ಆ ನಾಲ್ವರಲ್ಲಿ ಒಬ್ಬ ತಾಯಿ ಮುಂದಿನ ಜೂನಿನಲ್ಲಿ ಮಗಳ ದಾಖಲೆಯ ಪತ್ರ ಕೇಳಲು ಶಾಲೆಗೆ ಬಂದರು, ಹೈಸ್ಕೂಲಿಗೆ ಸೇರಿಸುವುದಕ್ಕಾಗಿ. ಮನೆಯಲ್ಲಿ ಮದುವೆಯ ಮಾತು ನಡೆದಿತ್ತೆಂದು ಆಮೇಲೆ ತಿಳಿಯಿತು. ಆಕೆ ಹತ್ತನೆಯ ತರಗತಿ ಮುಗಿಸಿದ್ದಾಳೆ. ಇದೆಲ್ಲ ಒಂದು ರಾತ್ರಿಯ ಪ್ರವಾಸದ ಫಲವೆಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಆ ತಾಯಿಯ ಗಟ್ಟಿತನವೇ ಅದರ ಮುಖ್ಯ ಕಾರಣ. ತನ್ನ ಮಗಳನ್ನು ಮನೆಯ ಹೊರಗೆ ನೋಡುವ ಅವಕಾಶವನ್ನು ಮಾತ್ರ ಶಾಲೆ ಆಕೆಗೆ ಒದಗಿಸಿತು.

ಉಮರಾಣಿಯ ಲಿಂಗಮ್ಮನನ್ನು ಹೆಣ್ಣುಮಗಳೆಂದು ಮನೆಯಲ್ಲಿ ಇರಿಸಿದ್ದರೆ ಗುಡ್ಡಾಪುರಕ್ಕೆ ಇಂದು ಯಾರೂ ನಡೆದುಬರುತ್ತಿರಲಿಲ್ಲವೆಂಬುದನ್ನು ಹಿರಿಯರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಆದ್ದರಿಂದ ನಮ್ಮ ನಿರ್ಣಯ ಇಷ್ಟೇ: ಹೋದರೆ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರಬೇಕು. ಕ್ಷೇಮದ ವ್ಯವಸ್ಥೆ ಸಾಲದೆನಿಸಿದರೆ ಪ್ರವಾಸವನ್ನು ಆ ವರ್ಷ ನಿಲ್ಲಿಸುತ್ತೇವೆ, ಆದರೆ ಹುಡುಗಿಯರನ್ನು ಬಿಟ್ಟು ಹೋಗುವುದಿಲ್ಲ.

ಆ ವ್ಯವಸ್ಥೆ ಸಾಲದಾಗದಂತೆ ನೋಡಿಕೊಳ್ಳುವುದು ತಮ್ಮ ಕೈಯಲ್ಲಿದೆ. ಶಿಕ್ಷಕರ ಸಂಖ್ಯೆ ಕಡಿಮೆ; ಹತ್ತಕ್ಕೊಬ್ಬರೆಂಬ ಲೆಕ್ಕವನ್ನು ನಮ್ಮಿಂದಷ್ಟೇ ತುಂಬಲಾಗದು. ಇಲ್ಲಿ ಕುಳಿತ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಿದ್ದೀರಿ, ಅಂಗನವಾಡಿ ಕಾರ್ಯಕರ್ತೆಯರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ಶತಮಾನೋತ್ಸವಕ್ಕೆ ಹಾರ, ಶಾಲು, ಫಲಕಗಳನ್ನು ಕೊಡಬಯಸುವವರಲ್ಲಿ ನಮ್ಮ ವಿನಂತಿ ಒಂದೇ: ಅದರ ಬದಲು ಒಂದು ಹಗಲು, ಒಂದು ರಾತ್ರಿಯನ್ನು ಶಾಲೆಗೆ ಕೊಡಿರಿ. ಕಚೇರಿಯಲ್ಲಿ ಒಂದು ವಹಿ ಇಟ್ಟಿದ್ದೇವೆ. ಈ ಸಭೆ ಮುಗಿದ ಮೇಲೆ ಅದರಲ್ಲಿ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದುಹೋಗಬೇಕು. ತಾಯಂದಿರು ಮೊದಲು ಬರೆಯಲಿ ಎಂಬುದು ನಮ್ಮ ಆಸೆ.